ಕತ್ತು ತಿರುಗುವವರೆಗೆ

ಐವತ್ತೈದು ದಾಟಿದವರಿಗೆ ಡ್ರೈವಿಂಗ್ ಲೈಸೆನ್ಸ್ ಒಂದು ಸಲಕ್ಕೆ 5 ವರ್ಷಕ್ಕೆ ಮಾತ್ರ ಸಿಗುತ್ತದೆ. ಗಾಡಿಗೂ ಅಷ್ಟೆ. 15 ವರ್ಷ ತುಂಬಿತೆಂದರೆ ಅದರ ಆರ್‌ಸಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಜಯನಗರದ ನಮ್ಮ ಮನೆಯಲ್ಲಿ ಈ ಎರಡು ಕಾಗದಗಳೂ ಒಂದೇ ಫೈಲಿನಲ್ಲಿವೆ. ಒಂದು ನನ್ನದು, ಇನ್ನೊಂದು ನನ್ನ ಯೆಜ್ಡಿ ರೋಡ್‌ಕಿಂಗಿನದು. ಆರ್‌ಟಿಒ ಇನ್‌ಸ್ಪೆಕ್ಟರು ಗಾಡಿಯ ಹೆಡ್‌ಲೈಟು, ಹಾರ್ನು, ಬ್ರೇಕು, ಚಾಸಿ ನಂಬರು ನೋಡುತ್ತಾರೆ. ವೈದ್ಯರು ನನ್ನ ಕಣ್ಣು, ಕಿವಿ, ಕೈಕಾಲು ನೋಡಿ ಫಾರಂ 1ಎಗೆ ಸಹಿ ಹಾಕುತ್ತಾರೆ. ಈ ವ್ಯವಸ್ಥೆಯನ್ನು ನಾನು ಮನಸಾರೆ ಒಪ್ಪುತ್ತೇನೆ. ವಯಸ್ಸಾಯಿತು, ಸಾಕು ಅನ್ನುವುದಿಲ್ಲ ಅದು. ಹೇಗಾದರೂ ಹೋಗಿ ಅಂತಲೂ ಬಿಟ್ಟುಬಿಡುವುದಿಲ್ಲ. ಬನ್ನಿ, ನೋಡೋಣ ಅನ್ನುತ್ತದೆ. ನನ್ನ ವಯಸ್ಸಿನವರಿಗೆ ಇಷ್ಟು ಮರ್ಯಾದೆಯಿಂದ ಈ ಮಾತು ಹೇಳುವ ಜಾಗಗಳು ಹೆಚ್ಚಿಲ್ಲ.

ಬೆಳಿಗ್ಗೆ ವಾಕಿಂಗಿಗೆ ಬರುವವರು ಕೇಳುವ ಪ್ರಶ್ನೆ ಬೇರೆ. "ಈ ವಯಸ್ಸಲ್ಲಿ ಯಾಕ್ ಸಾರ್ ಇವೆಲ್ಲ? ಕೊಳ್ಳೇಗಾಲಕ್ಕೆ ಬಸ್ಸಿಲ್ವಾ?" ಬಸ್ಸು ಬೇಕಾದಷ್ಟಿವೆ. ಆ ಪ್ರಶ್ನೆಯಲ್ಲಿರುವ ಕಾಳಜಿ ನಿಜವಾದದ್ದೇ. ಆದರೆ ಅವರು ಅಂದುಕೊಂಡಿರುವುದು ಒಂದು, ನಡೆಯುತ್ತಿರುವುದು ಇನ್ನೊಂದು. ವಯಸ್ಸನ್ನು ಮರೆಯಲು ನಾನು ಗಾಡಿ ಹತ್ತುತ್ತೇನೆ ಎಂದು ಅವರ ಎಣಿಕೆ. ಅರವತ್ತು ದಾಟಿದ ನನ್ನ ಮೈ ಏನೆಂದು ನನಗೆ ಸರಿಯಾಗಿ ಗೊತ್ತಾಗುವುದೇ ಗಾಡಿಯ ಮೇಲೆ. ಕುರ್ಚಿಯಲ್ಲಿ ಕೂತವನಿಗೆ ಅವನ ಮಂಡಿ, ಸೊಂಟ, ಕಣ್ಣು ಏನನ್ನೂ ಹೇಳುವುದಿಲ್ಲ. ನೂರು ಕಿಲೋಮೀಟರು ಓಡಿಸಿದವನಿಗೆ ಪ್ರತಿಯೊಂದೂ ತನ್ನ ಲೆಕ್ಕ ಒಪ್ಪಿಸುತ್ತದೆ.

ನನ್ನ ತಲೆಮಾರಿನ ಬೆಂಗಳೂರು ಹುಡುಗರಿಗೆ ಈ ಹುಚ್ಚು ಹತ್ತಿದ್ದು ಮೈಸೂರಿನಿಂದ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1961ರಿಂದ ಅಲ್ಲಿ ಜೆಕ್ ತಂತ್ರಜ್ಞಾನದ ಜಾವಾ ಗಾಡಿಗಳು ತಯಾರಾದವು. ಆಮೇಲೆ ಹೆಸರು ಯೆಜ್ಡಿ ಆಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ನಮ್ಮ ರಾಜ್ಯದ ಕೈಗಳು ಜೋಡಿಸಿದ ಗಾಡಿ ಎಂಬ ಅಭಿಮಾನ ನನಗೆ ಇಂದಿಗೂ ಇದೆ. 250 ಸಿಸಿ, ಎರಡು ಸೈಲೆನ್ಸರು, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ಕರ್. ನ್ಯಾಷನಲ್ ಕಾಲೇಜಿನ ಹುಡುಗರಿಗೆ ಈ ಕೈಚಳಕ, ಅಲ್ಲ, ಕಾಲ್ಚಳಕ ಬಂದರೆ ದೊಡ್ಡವರಾದ ಹಾಗೆ. ನಾನು ಸೆಕೆಂಡ್ ಹ್ಯಾಂಡಿನಲ್ಲಿ ತೆಗೆದುಕೊಂಡದ್ದು ಕೆಲಸಕ್ಕೆ ಸೇರಿದ ಮೇಲೆ, ಎಂಬತ್ತರ ದಶಕದಲ್ಲಿ. ಈಗಲೂ ಭಾನುವಾರ ಜೆ.ಪಿ. ನಗರದವರೆಗೆ, ಬಿಟಿಎಂ ಲೇಔಟಿನ ಮೆಕ್ಯಾನಿಕ್ಕಿನವರೆಗೆ ಅದರಲ್ಲೇ ಹೋಗುತ್ತೇನೆ. ಜುಲೈ ತಿಂಗಳ ಎರಡನೇ ಭಾನುವಾರ, ಅಂತರರಾಷ್ಟ್ರೀಯ ಜಾವಾ ದಿನದಂದು, ಬೆಂಗಳೂರಿನ ಜಾವಾ-ಯೆಜ್ಡಿಗಳೆಲ್ಲ ಒಂದೆಡೆ ಸೇರುತ್ತವೆ. ಅಜ್ಜನ ಗಾಡಿ ತಂದ ಮೊಮ್ಮಕ್ಕಳಿರುತ್ತಾರೆ, ಮೊಮ್ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಬಂದ ಅಜ್ಜಂದಿರೂ ಇರುತ್ತಾರೆ. ಕಾರ್ಬೊರೇಟರು ಬಿಚ್ಚಿ ಕೂತಾಗ ಅಲ್ಲಿ ಯಾರಿಗೂ ಯಾರ ವಯಸ್ಸೂ ಲೆಕ್ಕಕ್ಕಿಲ್ಲ.

ದೂರದ ದಾರಿಗೆ ಮಾತ್ರ ಯೆಜ್ಡಿ ತೆಗೆಯುವುದನ್ನು ಬಿಟ್ಟಿದ್ದೇನೆ. ಅದಕ್ಕೆ ಎಬಿಎಸ್ ಇರುವ, ಬಟನ್ ಸ್ಟಾರ್ಟಿನ ಹೊಸ ಗಾಡಿ ಇದೆ. 2019ರ ಏಪ್ರಿಲಿನಿಂದ 125 ಸಿಸಿಗೆ ಮೇಲ್ಪಟ್ಟ ಹೊಸ ಗಾಡಿಗಳಿಗೆಲ್ಲ ಎಬಿಎಸ್ ಕಡ್ಡಾಯವಾಯಿತು. ನನ್ನ ವಯಸ್ಸಿನ ಗೆಳೆಯರಿಗೆ ಇದನ್ನು ಒತ್ತಿ ಹೇಳುತ್ತೇನೆ: ಹಳೆಯ ಡ್ರಮ್ ಬ್ರೇಕಿನ ಮೇಲಿನ ಪ್ರೀತಿಯನ್ನು ಊರೊಳಗೆ ಇಟ್ಟುಕೊಳ್ಳಿ, ಹೆದ್ದಾರಿಗೆ ಬೇಡ. ಒದ್ದೆ ರಸ್ತೆಯಲ್ಲಿ ಎದುರಿಗೆ ನಾಯಿ ಬಂದಾಗ ಇಪ್ಪತ್ತರ ಹುಡುಗನ ಕೈಗೆ ಸಿಗುವ ಸಮಯ ನಮಗೆ ಸಿಗುವುದಿಲ್ಲ. ಗಂಟೆಗೆ 60 ಕಿ.ಮೀ. ವೇಗ ಎಂದರೆ ಒಂದು ಸೆಕೆಂಡಿಗೆ ಸುಮಾರು 17 ಮೀಟರ್. ಬ್ರೇಕ್ ಹಿಡಿಯಬೇಕು ಎಂದು ತಲೆಗೆ ಹೊಳೆದು ಕೈಗೆ ಇಳಿಯುವುದು ಅರ್ಧ ಸೆಕೆಂಡು ತಡವಾದರೆ ಎಂಟು ಮೀಟರ್ ಮುಂದೆ ಹೋಗಿರುತ್ತೇವೆ. ಆ ಎಂಟು ಮೀಟರನ್ನು ಮೊದಲೇ ಮುಂದಿನ ಗಾಡಿಯ ಹಿಂದೆ ಬಿಟ್ಟುಕೊಂಡಿರಬೇಕು. ಬನಶಂಕರಿ ಸಿಗ್ನಲಿನಲ್ಲಿ ಹಾಗೆ ಜಾಗ ಬಿಟ್ಟರೆ ಆಟೊ ಬಂದು ಸೇರಿಕೊಳ್ಳುತ್ತದೆ. ಹಾರೋಹಳ್ಳಿ ದಾಟಿದ ಮೇಲೆ ಬಿಡಬಹುದು, ಬಿಡುತ್ತೇನೆ.

ಕಣ್ಣಿನದು ಇನ್ನೂ ದೊಡ್ಡ ವಿಷಯ. ವಯಸ್ಸಾದಂತೆ ಕಣ್ಣಿನ ಪಾಪೆ ಕತ್ತಲಲ್ಲಿ ಮೊದಲಿನಷ್ಟು ಅರಳುವುದಿಲ್ಲ. ಒಳಗಿನ ಮಸೂರ ಹಳದಿಗಟ್ಟುತ್ತದೆ. ಎದುರು ಬಂದ ಲಾರಿಯ ಹೈಬೀಮ್ ಕಣ್ಣಿಗೆ ಹೊಡೆದ ಮೇಲೆ ರಸ್ತೆ ಮತ್ತೆ ಕಾಣುವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಹಂಪ್ ಬರಬಹುದು, ಲೈಟಿಲ್ಲದ ಎತ್ತಿನಗಾಡಿ ಬರಬಹುದು. ಹಾಗಾಗಿ ಹೊತ್ತು ಮುಳುಗುವುದರೊಳಗೆ ಗಾಡಿ ನಿಲ್ಲಬೇಕು. ಮನೆಯಾದರೂ ಸರಿ, ಲಾಡ್ಜಾದರೂ ಸರಿ. ಬಾಯಾರಿಕೆಯೂ ಮೋಸ ಮಾಡುತ್ತದೆ, ಮೈಗೆ ನೀರು ಬೇಕಾದಾಗಲೂ ವಯಸ್ಸಾದವರಿಗೆ ಅದು ಬೇಗ ಗೊತ್ತಾಗುವುದಿಲ್ಲ. ಹೆಲ್ಮೆಟ್ಟು, ಜಾಕೆಟ್ಟಿನೊಳಗೆ ಬೆವರಿ, ಗಾಳಿಗೆ ಅದು ಆರಿ, ಏನೂ ತಿಳಿಯದೆಯೇ ತಲೆ ಭಾರವಾಗುತ್ತದೆ. ಗಂಟೆಗೊಮ್ಮೆ ನಿಲ್ಲಿಸುತ್ತೇನೆ, ಬಾಯಾರದಿದ್ದರೂ ನೀರು ಕುಡಿಯುತ್ತೇನೆ, ಬೇಲಿಯ ಪಕ್ಕ ನಾಲ್ಕು ಹೆಜ್ಜೆ ನಡೆಯುತ್ತೇನೆ.

ಹೀಗೆ ಗಂಟೆಗೊಮ್ಮೆ ನಿಂತಿದ್ದರಿಂದಲೇ ಕನಕಪುರ ರಸ್ತೆ ನನಗೆ ಸಿಕ್ಕಿತು. ಇಪ್ಪತ್ತೈದರಲ್ಲಿ ಆ ರಸ್ತೆ ನನಗೆ ಬರೀ ದೂರವಾಗಿತ್ತು. ಬನಶಂಕರಿಯಲ್ಲಿ ಹೊರಟರೆ ಮಳವಳ್ಳಿಯಲ್ಲಿ ಕಾಫಿ, ಮಧ್ಯೆ ಏನಿದೆ ಎಂದು ಕೇಳಿದರೆ ಹೇಳಲು ಏನೂ ಇರುತ್ತಿರಲಿಲ್ಲ. ಇವತ್ತು ನನ್ನನ್ನು ಯಾರಾದರೂ ಕೇಳಿದರೆ ನೀರಿನಿಂದ ಶುರು ಮಾಡುತ್ತೇನೆ. ಜಯನಗರದ ನಮ್ಮ ಸಂಪಿಗೆ ಬೀಳುವ ಕಾವೇರಿ ಬರುವುದು ಇದೇ ದಾರಿಯಲ್ಲಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾದ ನೀರು ಅಲ್ಲಿಂದ ಹಾರೋಹಳ್ಳಿಗೆ, ಹಾರೋಹಳ್ಳಿಯಿಂದ ತಾತಗುಣಿಗೆ, ಹೀಗೆ ಮೂರು ಹಂತದಲ್ಲಿ ಪಂಪ್ ಆಗಿ, ಸುಮಾರು 100 ಕಿ.ಮೀ. ದೂರ ಹರಿದು, ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಊರು ಸೇರುತ್ತದೆ. 1974ರಲ್ಲಿ ಮೊದಲ ಹಂತದ ನೀರು ಬಂತು. 2024ರ ಅಕ್ಟೋಬರಿನಲ್ಲಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರ್. ನಾವು ಇಳಿಜಾರಿನಲ್ಲಿ ಗೇರು ಬದಲಿಸದೆ ಜಾರಿಕೊಂಡು ಹೋಗುವ ದಾರಿಯನ್ನು ನೀರು ನಮ್ಮ ಎದುರು ದಿಕ್ಕಿನಲ್ಲಿ ಹತ್ತಿಕೊಂಡು ಬರುತ್ತಿರುತ್ತದೆ. ಇದು ಗೊತ್ತಾದ ಮೇಲೆ ಆ ರಸ್ತೆಯನ್ನು ಅಸಡ್ಡೆಯಿಂದ ಓಡಿಸಲು ನನ್ನಿಂದ ಆಗಿಲ್ಲ.

ತಾತಗುಣಿಯಲ್ಲಿ ಚಿತ್ರಕಲಾವಿದ ಸ್ವೆತಸ್ಲಾವ್ ರೋರಿಕ್, ನಟಿ ದೇವಿಕಾರಾಣಿ ದಂಪತಿಯ ಎಸ್ಟೇಟಿದೆ. ರೋರಿಕ್ 1993ರಲ್ಲಿ ತೀರಿಕೊಂಡರು, ದೇವಿಕಾರಾಣಿ 1994ರಲ್ಲಿ. ಊರಿನ ಗದ್ದಲದಿಂದ ದೂರ ಮರಗಳ ನಡುವೆ ಬದುಕಲು ಅವರು ಆರಿಸಿಕೊಂಡ ಜಾಗದ ಪಕ್ಕದಲ್ಲಿ ಈಗ ಅಪಾರ್ಟ್‌ಮೆಂಟುಗಳು ಎದ್ದಿವೆ. ಮೆಟ್ರೊ ರೇಷ್ಮೆ ಸಂಸ್ಥೆಯವರೆಗೆ ಬಂದಿದೆ. ಅಗಲವಾದ ರಸ್ತೆಗೆ ಸಾಲುಮರಗಳು ಬಲಿಯಾದವು, ನೆರಳು ಹೋಯಿತು. ಇದನ್ನು ನಾನು ಪ್ರತಿ ಬೇಸಿಗೆಯಲ್ಲೂ ಬೆನ್ನಿನ ಮೇಲೆ ಅನುಭವಿಸುತ್ತೇನೆ. ಕನಕಪುರ, ಸಾತನೂರು ದಾಟಿ ಹಲಗೂರಿನ ಕಡೆ ಗುಡ್ಡಗಳು ಹತ್ತಿರವಾದಾಗ ಗಾಳಿ ತಣ್ಣಗಾಗುತ್ತದೆ. ಕಾರಿನ ಗಾಜಿನೊಳಗಿದ್ದವರಿಗೆ ಈ ತಂಪು ಗೊತ್ತಾಗುವುದಿಲ್ಲ. ರೇಷ್ಮೆಹುಳು ಸಾಕಣೆ ಮನೆಯ ಹಿಪ್ಪುನೇರಳೆ ಸೊಪ್ಪಿನ ವಾಸನೆ, ಆಲೆಮನೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ವಾಸನೆ, ಮೊದಲ ಮಳೆಗೆ ಎದ್ದ ಮಣ್ಣಿನ ವಾಸನೆ ಇವೆಲ್ಲ ಹೆಲ್ಮೆಟ್ಟಿನೊಳಗೆ ಒಂದರ ಹಿಂದೊಂದು ಬರುತ್ತವೆ. ಮಳವಳ್ಳಿಯಿಂದ ಮುಂದೆ ಶಿವನಸಮುದ್ರ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು, 1905ರಲ್ಲಿ ಬೆಂಗಳೂರಿಗೆ ಬಂತು. ನಮ್ಮ ಊರಿನ ದೀಪವೂ ಈ ಕಡೆಯಿಂದ, ನೀರೂ ಈ ಕಡೆಯಿಂದ. ಋಣ ಇರುವ ದಿಕ್ಕಿಗೆ ಆಗಾಗ ಹೋಗಿಬರುವುದು ನನಗೆ ಕರ್ತವ್ಯವೆಂದೇ ಅನ್ನಿಸುತ್ತದೆ.

ಮೈಸೂರು ರಸ್ತೆಯ ಕತೆ ಬೇರೆ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕುಗಳಿಗೆ ಪ್ರವೇಶವಿಲ್ಲ. ತರುಣ ಗೆಳೆಯರು ಸಿಟ್ಟಾದರು. ನನಗೆ ಅದರಿಂದ ಒಳ್ಳೆಯದೇ ಆಯಿತು. ಕಾರುಗಳು ಊರುಗಳನ್ನು ಬಳಸಿಕೊಂಡು ಹೋಗುತ್ತವೆ, ನಾವು ಊರುಗಳ ಒಳಗೆ ಹೋಗುತ್ತೇವೆ. ಬಿಡದಿಯಲ್ಲಿ ತಟ್ಟೆ ಇಡ್ಲಿ, ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಬೊಂಬೆಗಳು, ಮದ್ದೂರಿನಲ್ಲಿ ವಡೆ. ರಾಮನಗರದ ಆಚೆ ಜಾನಪದ ವಿದ್ವಾಂಸ ನಾಗೇಗೌಡರು ಕಟ್ಟಿದ ಜಾನಪದ ಲೋಕದ ಮರದಡಿ ಒಂದಷ್ಟು ಹೊತ್ತು ಕಾಲು ಚಾಚಬಹುದು. ಸರ್ವೀಸ್ ರಸ್ತೆಯ ಗುಂಡಿಗಳನ್ನು ಮುಚ್ಚಿ, ಬೈಕಿನವರು ಎದುರು ದಿಕ್ಕಿನಲ್ಲಿ ಬರುವುದನ್ನು ತಡೆದರೆ ನಮಗೆ ಬೇರೇನೂ ಬೇಡ.

ಜೊತೆಗೆ ಬರುತ್ತಿದ್ದವರು ಕಡಿಮೆಯಾಗಿದ್ದಾರೆ. ಇದನ್ನು ಬರೆಯದೆ ಈ ವಿಷಯ ಪೂರ್ತಿಯಾಗುವುದಿಲ್ಲ. ಒಬ್ಬನಿಗೆ ಎರಡೂ ಮಂಡಿ ಬದಲಿಸಿದರು. ಆಪರೇಷನ್ ಆದ ಮೇಲೆ ಅವನೇ ಗಾಡಿ ಮಾರಿದ. ಮಾರಿದ ದಿನ ನಾನು ಜೊತೆಗಿದ್ದೆ, ಕೀಲಿ ಕೊಡುವಾಗ ಅವನು ಏನೂ ಮಾತಾಡಲಿಲ್ಲ. ಈಗ ಕಾರಿನಲ್ಲಿ ಬರುತ್ತಾನೆ, ನಮಗಿಂತ ಮೊದಲೇ ಹೋಟೆಲ್ ತಲುಪಿ ಎಲ್ಲರಿಗೂ ಇಡ್ಲಿ ಹೇಳಿರುತ್ತಾನೆ, ಹೊರಡುವಾಗ ನಮ್ಮ ಟೈರುಗಳನ್ನು ಬಗ್ಗಿ ನೋಡುತ್ತಾನೆ. ಇನ್ನೊಬ್ಬ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು, ವೈದ್ಯರು ಸರಿ ಅಂದ ಮೇಲೆ ಮತ್ತೆ ಬಂದ. ಅವನು ಯಾವಾಗಲೂ ಮಧ್ಯದಲ್ಲಿ ಓಡಿಸುತ್ತಾನೆ, ಮುಂದೊಬ್ಬರು, ಹಿಂದೊಬ್ಬರು. ಈ ಏರ್ಪಾಟನ್ನು ಯಾರೂ ಬಾಯಿಬಿಟ್ಟು ಹೇಳಿ ಮಾಡಿದ್ದಲ್ಲ. ಒಬ್ಬ ಇಲ್ಲವೇ ಇಲ್ಲ. ಅವನಿಗೆ ಬಹಳ ಇಷ್ಟವಾಗಿದ್ದ ದಿಂಬಂ ಘಾಟಿನ 27 ತಿರುವುಗಳನ್ನು ಇಳಿಯುವಾಗ ಅವನು ಕಲಿಸಿದ ಮಾತೇ ಕಿವಿಯಲ್ಲಿರುತ್ತದೆ: ತಿರುವಿಗೆ ಮೊದಲೇ ಗೇರ್ ಇಳಿಸು, ತಿರುವಿನೊಳಗೆ ಬ್ರೇಕ್ ಹುಡುಕಬೇಡ.

ಮನೆಯಲ್ಲಿ ಒಂದು ಬದಲಾವಣೆ ಆಗಿದೆ. ಹಿಂದೆ ನನಗೆ ತಡವಾದರೆ ಅಮ್ಮ ಗೇಟಿನ ಹತ್ತಿರ ನಿಂತಿರುತ್ತಿದ್ದಳು. ಈಗ ವೈಟ್‌ಫೀಲ್ಡಿನಲ್ಲಿರುವ ಮಗಳು ಫೋನಿನಲ್ಲಿ ನನ್ನ ಲೊಕೇಶನ್ ನೋಡುತ್ತಿರುತ್ತಾಳೆ. ನಾನು ಚಹಾ ಕುಡಿಯಲು ಕೂತ ಸ್ವಲ್ಪ ಹೊತ್ತಿಗೆ ಮೆಸೇಜು: "ಅಪ್ಪಾ, ಯಾಕೆ ನಿಂತಿದೀಯಾ?" ಮೊದಮೊದಲು ಇದು ಕಾವಲು ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ನನ್ನನ್ನು ತಡೆಯದೆ, ತನ್ನ ಭಯವನ್ನು ತಾನೇ ಹೊತ್ತುಕೊಂಡು ಅವಳು ನನ್ನನ್ನು ಕಳಿಸುತ್ತಾಳೆ. ಅದಕ್ಕೆ ನಾನು ಕೊಡಬಹುದಾದ ಬೆಲೆ, ನಿಂತಲ್ಲೆಲ್ಲ ಎರಡು ಸಾಲು ಬರೆದು ಕಳಿಸುವುದು. ಕಳಿಸುತ್ತೇನೆ.

ಯಾವಾಗ ನಿಲ್ಲಿಸುವುದು ಎಂಬುದನ್ನೂ ಹೆಂಡತಿಯೊಂದಿಗೆ ಕೂತು ಮಾತಾಡಿದ್ದೇನೆ. ಅವಳು ನನ್ನ ಹಿಂದೆ ಕೂತು ಬೇಲೂರು, ಆಗುಂಬೆ ನೋಡಿದವಳು. ನನ್ನ ಬೆನ್ನು ಎಲ್ಲಿ ಬಿಗಿಯಾಗುತ್ತದೆ, ಎಲ್ಲಿ ಸಡಿಲವಾಗುತ್ತದೆ ಎಂದು ಅವಳಿಗೆ ಗೊತ್ತು. "ರೀ, ವಯಸ್ಸಿನ ಲೆಕ್ಕ ಬೇಡ, ಮೈ ಲೆಕ್ಕ ಇಡೋಣ" ಅಂದಳು. ಅದರಂತೆ ಗೊತ್ತು ಮಾಡಿಕೊಂಡಿದ್ದೇವೆ. ಯಾರ ಕೈಯೂ ಸೇರದೆ ಗಾಡಿಯನ್ನು ಮೈನ್ ಸ್ಟ್ಯಾಂಡಿಗೆ ಹಾಕಲು ಬರಬೇಕು. ಇಳಿಜಾರಿನಲ್ಲಿ ಹಿಂದಕ್ಕೆ ತಳ್ಳಿ ತಿರುಗಿಸಲು ಬರಬೇಕು. ಮುಖ್ಯವಾಗಿ ಕತ್ತು ತಿರುಗಬೇಕು. ರಿಂಗ್ ರಸ್ತೆಗೆ ಸೇರುವಾಗ ಕನ್ನಡಿಯಲ್ಲಿ ಕಾಣದ ಮೂಲೆಯೊಂದಿರುತ್ತದೆ, ಬಿಎಂಟಿಸಿ ಬಸ್ಸು ಇಡಿಯಾಗಿ ಅದರೊಳಗೆ ಅಡಗಿಕೊಳ್ಳಬಹುದು. ಹೆಗಲ ಮೇಲಿಂದ ತಿರುಗಿ ನೋಡಿಯೇ ಸೇರಬೇಕು. ಫಿಸಿಯೊಥೆರಪಿಸ್ಟ್ ಹೇಳಿಕೊಟ್ಟ ಕತ್ತಿನ ವ್ಯಾಯಾಮವನ್ನು ದಿನವೂ ಬೆಳಿಗ್ಗೆ ಬಾಲ್ಕನಿಯಲ್ಲಿ ಮಾಡುತ್ತೇನೆ, ಅವಳು ಎದುರಿಗೆ ಕೂತು ಕಾಫಿ ಕುಡಿಯುತ್ತ ಎಡಕ್ಕೆಷ್ಟು, ಬಲಕ್ಕೆಷ್ಟು ಎಂದು ನೋಡುತ್ತಾಳೆ. ಇನ್ನು ತಿರುಗುತ್ತಿಲ್ಲ ಎಂದು ಅವಳು ಹೇಳಿದ ದಿನ ವಾದ ಮಾಡದೆ ಕೀಲಿ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಸದ್ಯಕ್ಕೆ ಎರಡೂ ಕಡೆ ಚೆನ್ನಾಗಿಯೇ ತಿರುಗುತ್ತಿದೆ. ಮಳೆ ಬಿಟ್ಟ ಮೇಲೆ ಮಳವಳ್ಳಿಯಿಂದ ತಲಕಾಡಿಗೆ, ಅಲ್ಲಿಂದ ಸೋಮನಾಥಪುರಕ್ಕೆ ಹೋಗುವುದೆಂದಾಗಿದೆ. ಈ ಸಲ ಅವಳೂ ಬರುತ್ತಾಳೆ.