ಖಾಲಿ ಮರಳದ ತಾಟು

ಹೂವಿನ ಹಿಪ್ಪರಗಿಯ ನಮ್ಮ ಮನೆಗೆ ಪ್ರತಿ ಮೊಹರಮ್ಮಿಗೂ ಪಕ್ಕದ ಮನೆಯ ಕಾಕಿ ಚೊಂಗೆಯ ತಾಟು ತರುತ್ತಾರೆ. ಅಲಾಯಿ ದೇವರಿಗೆ ಎಡೆ ತೋರಿಸಿ ತಂದ, ಬೆಲ್ಲ ಹಾಕಿದ ಗೋಧಿಹಿಟ್ಟಿನ ಚೊಂಗೆ. ಕಳೆದ ಸಲ ರಜೆಗೆ ಬಂದಿದ್ದ ನನ್ನ ಮಗ ತಾಟು ಮುಟ್ಟಲಿಲ್ಲ.

"ಇದು ದೀನ್‌ನೊಳಗ ಇಲ್ಲ ಅಬ್ಬಾ" ಎಂದ.

ಬಾಗಿಲಲ್ಲಿದ್ದ ಕಾಕಿಗೆ ಕೇಳಿಸಿತು. "ಇರ್ಲಿ ಬಿಡೋ ತಮ್ಮಾ, ಸಾಲಿ ಕಲತ ಹುಡುಗ" ಎಂದು ನಕ್ಕು ಹೋದರು. ಸೌಹಾರ್ದದ ಕಥೆ ಬರೆಯುವ ನಾನು ತುಟಿ ಬಿಚ್ಚಲಿಲ್ಲ.

ಮರುದಿನ ಅವನನ್ನು ವಿಜಯಪುರದ ಪಶ್ಚಿಮಕ್ಕಿರುವ ತೊರವಿಗೆ ಕರೆದೊಯ್ದೆ. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಅಲ್ಲಿ ನವರಸಪುರ ಕಟ್ಟತೊಡಗಿದ್ದ. ಈಗ ಉಳಿದಿರುವುದು ಸಂಗೀತ ಮಹಲಿನಂಥ ಕೆಲವು ಅವಶೇಷ. ನನ್ನ ಬಾಲ್ಯದಲ್ಲಿ ಕನ್ನಡ ಮಾಸ್ತರರು ಅವನನ್ನು 'ಜಗದ್ಗುರು ಬಾದಶಹ' ಎಂದು ಹೊಗಳುತ್ತಿದ್ದರು. ಉರ್ದು ಕಲಿಸಿದ ಉಸ್ತಾದರು ಅವನ ಹೆಸರು ಬಂದರೆ ಪುಟ ಮಗುಚುತ್ತಿದ್ದರು. ದಖನಿಯಲ್ಲಿ ಅವನು ರಚಿಸಿದ 'ಕಿತಾಬ್-ಎ-ನವರಸ್' ಹಾಡುಗಳಲ್ಲಿ ಸರಸ್ವತಿ, ಗಣಪತಿ ಇದ್ದಾರೆ. ಪೈಗಂಬರರೂ ಕಲಬುರಗಿಯ ಬಂದೇನವಾಜರೂ ಇದ್ದಾರೆ.

"ಅಕ್ಬರನ ದೀನ್-ಎ-ಇಲಾಹಿಯಂಗ ಇವನೂ ಹೊಸ ಧರ್ಮ ಮಾಡಿದ್ನೇನು?" ಮಗ ಕೇಳಿದ.

ಇಲ್ಲ. ಇಬ್ರಾಹಿಂ ರೋಜಾದಲ್ಲಿ ಅವನ ಗೋರಿಯ ಗೋಡೆಗಳ ಮೇಲೆ ಕುರಾನಿನ ಆಯತ್‌ಗಳಿವೆ, ಎದುರಿಗೇ ಮಸೀದಿಯಿದೆ. ಅವನು ಹುಡುಕಿದ್ದು ಒಂಬತ್ತು ರಸಗಳು ಒಂದೆಡೆ ಕೂಡುವ ಹದವನ್ನು ಎಂದು ನನಗನಿಸುತ್ತದೆ.

"ಮತ್ತ ಊರು ಯಾಕ ಉಳೀಲಿಲ್ಲ?"

1624ರಲ್ಲಿ ಮಲಿಕ್ ಅಂಬರನ ಸೇನೆ ಅದನ್ನು ಹಾಳುಗೆಡವಿತು. ಕಟ್ಟಿದವನೂ ಮುಸಲ್ಮಾನ, ಕೆಡವಿಸಿದವನೂ ಮುಸಲ್ಮಾನ. ಮಗ ಸುಮ್ಮನಾದ. ಆಗ ಹೇಳಿದೆ: "ನೀ ಚೊಂಗೆ ತಿನ್ನೋದು ಬಿಡೋದು ನಿನಗೂ ಅಲ್ಲಾಹನಿಗೂ ಬಿಟ್ಟದ್ದು. ಆದ್ರ ಬಾಗಿಲಿಗೆ ಬಂದವರ ಮನಸ್ಸು ನೋಯಿಸೋದು ಯಾವ ದೀನ್‌ನೊಳಗ ಐತಿ?"

ನಮ್ಮ ಕಡೆ ತಾಟನ್ನು ಖಾಲಿ ಮರಳಿಸುವುದಿಲ್ಲ. ಊರಿಗೆ ಬಂದ ಮೇಲೆ ನನ್ನ ತಾಯಿ ಅದರಲ್ಲಿ ಖರ್ಜೂರ ತುಂಬಿಟ್ಟರು. ಮಗನೇ ಒಯ್ದ. ಅರ್ಧ ತಾಸಾದರೂ ಬರಲಿಲ್ಲ. ಬಂದವನು, "ಕಾಕಿ ಚಾ ಕುಡಿಸಿದ್ರು" ಎಂದಷ್ಟೇ ಹೇಳಿದ.

ಚೊಂಗೆಯ ವಾದ ನಮ್ಮಿಬ್ಬರ ನಡುವೆ ಇನ್ನೂ ಮುಗಿದಿಲ್ಲ. ಅವನಾದರೂ ಕಾಕಿಯ ಹೊಸ್ತಿಲು ತುಳಿದು ಬಂದ. ಅಂದು ಬಾಯಿ ಮುಚ್ಚಿ ಕುಳಿತ ತಪ್ಪನ್ನು ನಾನಿನ್ನೂ ಅವರ ಮುಂದೆ ಒಪ್ಪಿಕೊಂಡಿಲ್ಲ.