ಮಷಿನ್ ಬಂತು, ನೀರು ಏರಲಿಲ್ಲ

ಕಳೆದ ವರ್ಷ ಮೇ ತಿಂಗಳ ಕೊನೆಯಲ್ಲಿ ಹೊಸನಗರ ತಾಲ್ಲೂಕಿನ ನಮ್ಮೂರಿನಿಂದ ಅಮ್ಮನನ್ನು ಸಾಗರಕ್ಕೆ ಕರೆದುಕೊಂಡು ಬಂದೆ. ಅವಳ ಬಲಗೈ ಮಣಿಕಟ್ಟು ಊದಿಕೊಂಡು ಕಾಫಿ ಲೋಟ ಹಿಡಿಯುವುದೂ ಕಷ್ಟವಾಗಿತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಬಟ್ಟೆ ಹಿಂಡೋದು ಬಿಡಬೇಕಮ್ಮ" ಅಂದರು. ಅಮ್ಮ ನನ್ನ ಮುಖ ನೋಡಿದಳು. ನಾನು ಮೊಬೈಲ್ ನೋಡಿದೆ.

ನಾನಿರುವುದು ಒಂದು ಸಣ್ಣ ಅಪಾರ್ಟ್‌ಮೆಂಟಿನಲ್ಲಿ, ಬಾಡಿಗೆಗೆ. ಕೆಳಗೆರಡು ಮೇಲೆರಡು, ಒಟ್ಟು ನಾಲ್ಕು ಮನೆ. ನಮ್ಮದು ಮೇಲಿನದು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಸುದ್ದಿ ಕಳಿಸುವುದು ನನ್ನ ಕೆಲಸ. ಎಲ್ಲಾ ಬೈಕಿನಲ್ಲೇ. ಬೇಸಿಗೆಯಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ಕೆಂಪು ಕೆಸರು. ಶನಿವಾರ ಬಟ್ಟೆಗಂಟು ಕಟ್ಟಿಕೊಂಡು ಊರಿಗೆ ಹೋಗುತ್ತಿದ್ದೆ, ಸೋಮವಾರ ಮಡಚಿದ ಬಟ್ಟೆ ತರುತ್ತಿದ್ದೆ. ನಡುವೆ ಏನಾಗುತ್ತಿತ್ತು ಎಂದು ಒಂದು ದಿನವೂ ಕೇಳಿದವನಲ್ಲ.

ಆ ವಾರವೇ ಕಂತಿನಲ್ಲಿ ವಾಷಿಂಗ್ ಮಷಿನ್ ತಂದೆ. ಮುಂದಿನಿಂದ ಬಟ್ಟೆ ಹಾಕುವ ಜಾತಿಯದು, 7 ಕೆಜಿಯದು. ಎರಡು ಟಬ್ಬಿನ ಮಷಿನ್ ಆದರೆ ಅಗ್ಗ, ಬಕೆಟಿನಿಂದ ನೀರು ಹೊಯ್ದರೂ ನಡೆಯುತ್ತದೆ. ಆದರೆ ಒದ್ದೆ ಬಟ್ಟೆಯನ್ನು ಒಂದು ಟಬ್ಬಿನಿಂದ ಇನ್ನೊಂದಕ್ಕೆ ಎತ್ತಿ ಹಾಕಬೇಕು. ಅಮ್ಮನ ಕೈಗೆ ಅದೂ ಬೇಡ ಅನ್ನಿಸಿತು. ಇದರಲ್ಲಿ ನೀರು ತಾನೇ ಕಾಯುತ್ತದೆ, 60 ಡಿಗ್ರಿಯವರೆಗೂ. ಅಂಗಡಿ ಹುಡುಗರಿಬ್ಬರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿಸಿ ಬಾತ್‌ರೂಮಿನ ಬಾಗಿಲ ಪಕ್ಕ ಇಟ್ಟುಹೋದರು. ಜೋಡಿಸುವವನು ಮರುದಿನ ಬರುತ್ತಾನೆ ಅಂದರು.

ನನಗೆ ತಡೆಯಲಿಲ್ಲ. ಗೀಸರಿನ ಪ್ಲಗ್ಗಿಗೆ ಸಿಕ್ಕಿಸಿ, ಸುಮ್ಮನೆ ತಿರುಗುತ್ತದಾ ನೋಡೋಣ ಎಂದು ಹಿಂಡುವ ಬಟನ್ ಒತ್ತಿದೆ. ಮೊದಲು ಗುರ್ ಅಂತು. ಆಮೇಲೆ ಇಡೀ ಮಷಿನ್ ಕುಣಿಯುತ್ತಾ ಹಾಲಿನ ಕಡೆ ಹೊರಟಿತು. ಅಮ್ಮ ಅಡಿಗೆಮನೆಯಿಂದ ಓಡಿ ಬಂದಳು. "ಕೋಣ ಬಿಟ್ಟಂಗೆ ಆತಲ್ಲ ಮಾರಾಯ, ಹಿಡ್ಕಳಾ ಅದನ್ನ!"

ತೀರ್ಥಹಳ್ಳಿಯ ಅಕ್ಕನಿಗೆ ಫೋನ್ ಮಾಡಿದೆ. ಅವಳ ಮನೆಗೆ ಮಷಿನ್ ಬಂದು ಐದು ವರ್ಷವಾಗಿದೆ. "ಹಿಂದುಗಡೆ ಬೋಲ್ಟ್ ಬಿಚ್ಚಿದ್ಯನಾ?" ಅಂದಳು. ಸಾಗಿಸುವಾಗ ಒಳಗಿನ ಡ್ರಮ್ಮು ಅಲುಗಾಡದಿರಲಿ ಎಂದು ಹಿಂದೆ ಉದ್ದನೆಯ ಬೋಲ್ಟ್ ಹಾಕಿರುತ್ತಾರೆ. ಓಡಿಸುವ ಮೊದಲು ಅವನ್ನು ಬಿಚ್ಚಲೇಬೇಕು. ನಮ್ಮದರಲ್ಲಿ ನಾಲ್ಕೂ ಹಾಗೇ ಇದ್ದವು. ಪುಣ್ಯಕ್ಕೆ ಏನೂ ಮುರಿದಿರಲಿಲ್ಲ.

ಮರುದಿನ ಬಂದ ಹುಡುಗ ಬೋಲ್ಟ್ ಬಿಚ್ಚಿ, ಕಾಲುಗಳನ್ನು ತಿರುಗಿಸಿ ನಾಲ್ಕೂ ಮೂಲೆ ಸಮ ಮಾಡಿದ. ಕೊಳೆನೀರಿನ ಪೈಪಿನ ತುದಿಯನ್ನು ಎರಡೂವರೆ ಅಡಿ ಎತ್ತರಕ್ಕೆ ಕಟ್ಟಿದ. ನೆಲದಲ್ಲೇ ಬಿಟ್ಟರೆ ತುಂಬಿದ ನೀರು ತಾನಾಗಿ ಹರಿದುಹೋಗುತ್ತದಂತೆ. ಆಮೇಲೆ ನಲ್ಲಿ ತಿರುಗಿಸಿದ. ನೂಲಿನಷ್ಟು ನೀರು. ಮಷಿನ್ ಸ್ವಲ್ಪ ಹೊತ್ತು ಕಾದು, ಪೀಂ ಪೀಂ ಎಂದು ನಿಂತಿತು. "ನೀರಿಗೆ ಪ್ರೆಶರ್ ಇಲ್ಲ ಸಾರ್. ಕರೆಂಟಿಗೆ ಅರ್ಥಿಂಗೂ ಇಲ್ಲ. ಎರಡೂ ಸರಿ ಮಾಡ್ಸಿ ಫೋನ್ ಮಾಡಿ."

ಹನ್ನೊಂದು ದಿನ ಮಷಿನ್ ಸುಮ್ಮನೆ ನಿಂತಿತ್ತು. ಅಮ್ಮ ಅದರ ಮೇಲೆ ಹಳೇ ಸೀರೆ ಹೊದೆಸಿ ತರಕಾರಿ ಬುಟ್ಟಿ ಇಟ್ಟಳು. ನಾನು ಮನೆಯಲ್ಲಿಲ್ಲದಾಗ ಎಡಗೈಯಲ್ಲಿ ಬಟ್ಟೆ ತಿಕ್ಕುತ್ತಿದ್ದಳು. ಬಂದು ನೋಡಿದರೆ ತಂತಿಯ ಮೇಲೆ ಸರಿಯಾಗಿ ಹಿಂಡದ ಅಂಗಿಗಳು ತೊಟ್ಟಿಕ್ಕುತ್ತಿರುತ್ತಿದ್ದವು.

ನೀರಿನ ಲೆಕ್ಕ ಆಗ ಕಲಿತೆ. 10 ಮೀಟರ್ ಎತ್ತರದಿಂದ ಇಳಿಯುವ ನೀರಿಗೆ ಹೆಚ್ಚುಕಡಿಮೆ 1 ಬಾರ್ ಒತ್ತಡ. ನಮ್ಮ ಮಷಿನ್ನಿಗೆ ಕನಿಷ್ಠ 0.3 ಬಾರ್ ಬೇಕು, ಅಂದರೆ ಟ್ಯಾಂಕು ನಲ್ಲಿಗಿಂತ ಸುಮಾರು 10 ಅಡಿ ಮೇಲಿರಬೇಕು. ನಮ್ಮ ಟ್ಯಾಂಕು ತಾರಸಿಯ ಮೇಲೆ ಕೂತಿದ್ದರೂ ನಲ್ಲಿಗೂ ಅದಕ್ಕೂ ಇದ್ದದ್ದು 7 ಅಡಿ. ಪೈಪಿನೊಳಗೆ ತುಕ್ಕು ಬೇರೆ. ಕೆಳಗಿನ ಮನೆಯವರಿಗೆ ನೀರು ಚೆನ್ನಾಗಿ ಬರುತ್ತದೆ, ಮೇಲಿನವರಿಗೆ ನೂಲು.

ಊರಿನಲ್ಲಿ ನಮಗೆ ಈ ತೊಂದರೆಯೇ ಇಲ್ಲ. ಗುಡ್ಡದ ಮೇಲಿನ ಅಬ್ಬಿ ನೀರನ್ನು ಅಜ್ಜನ ಕಾಲದಲ್ಲಿ ಅಡಿಕೆ ದಬ್ಬೆಯಲ್ಲಿ ತರುತ್ತಿದ್ದರು, ಈಗ ಕಪ್ಪು ಪೈಪಿನಲ್ಲಿ. ಪಂಪಿಲ್ಲ, ಬಿಲ್ಲಿಲ್ಲ, ನಲ್ಲಿ ತಿರುಗಿಸಿದರೆ ಬಕೆಟ್ ಉರುಳುವ ರಭಸ. ಆದರೆ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಮೂರು ದಿನ ಕರೆಂಟಿಲ್ಲ. ಪೇಟೆಯಲ್ಲಿ ಕರೆಂಟಿದೆ, ನೀರು ಏರುವುದಿಲ್ಲ.

ಆ ಅಬ್ಬಿಯ ಕೆಳಗೆ ನಮ್ಮ ಬಟ್ಟೆ ಒಗೆಯುವ ಕಲ್ಲಿದೆ. ಅಜ್ಜನ ಮೊದಲಿನ ಮನೆ ಶರಾವತಿ ಕಣಿವೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. 1,819 ಅಡಿ ಮಟ್ಟದವರೆಗೆ ನಿಲ್ಲುವ ಹಿನ್ನೀರಿನಲ್ಲಿ ಮನೆ, ಗದ್ದೆ ಎಲ್ಲಾ ಹೋಯಿತು. ಮುಳುಗಡೆಯಲ್ಲಿ ಎದ್ದು ಬರುವಾಗ ಅಜ್ಜಿ ಹಟ ಹಿಡಿದು ಆ ಕಲ್ಲನ್ನು ಗಾಡಿಗೆ ಹೇರಿಸಿದ್ದಳಂತೆ. ಅಜ್ಜಿಯ ನಂತರ ಅಮ್ಮ ಅದರ ಮೇಲೆ ನಲವತ್ತು ವರ್ಷ ಬಟ್ಟೆ ಕುಕ್ಕಿದ್ದಾಳೆ.

ಅರ್ಥಿಂಗ್ ವಿಷಯ ಹೇಳಲೇಬೇಕು. ಎಲೆಕ್ಟ್ರಿಷಿಯನ್ ಬಂದು ಬಲ್ಬಿನ ಒಂದು ವೈರನ್ನು ಫೇಸಿಗೂ ಇನ್ನೊಂದನ್ನು ಪ್ಲಗ್ಗಿನ ಮೇಲಿನ ದೊಡ್ಡ ತೂತಿಗೂ ಹಿಡಿದ. ಬಲ್ಬ್ ಉರಿಯಲಿಲ್ಲ. ಬಿಚ್ಚಿ ನೋಡಿದರೆ ಆ ತೂತಿಗೆ ವೈರೇ ಇರಲಿಲ್ಲ, ಬರೀ ತೋರಿಕೆಗೆ. ಅದೇ ಪ್ಲಗ್ಗಿನಲ್ಲಿ ನಾನು ಮೂರು ವರ್ಷ ಗೀಸರ್ ಹಾಕಿ ಸ್ನಾನ ಮಾಡಿದ್ದೆ. ಒದ್ದೆ ನೆಲ, ಬರಿಗಾಲು, ಕಬ್ಬಿಣದ ಮೈಯ ಮಷಿನ್, ಮುಟ್ಟುವವಳು ಅಮ್ಮ. ಮಳೆಗಾಲದಲ್ಲಿ "ವಿದ್ಯುತ್ ತಗುಲಿ ಸಾವು" ಎಂದು ಎಷ್ಟು ಸುದ್ದಿ ಕಳಿಸಿದ್ದೇನೆ, ಪ್ರತಿ ಸಲ ನಾಲ್ಕು ಸಾಲು. ಅವತ್ತು ಕೈ ತಣ್ಣಗಾಯಿತು.

ಮನೆ ಮಾಲೀಕರು ಮೊದಲು ಒಪ್ಪಲಿಲ್ಲ. ಬಾಡಿಗೆಯವನ ಒಬ್ಬನ ಮಷಿನ್ನಿಗೆ ಟ್ಯಾಂಕ್ ಏರಿಸಬೇಕಾ ಅಂದರು. ಕೆಲಸ ಮಾಡಿಸಿದ್ದು ಅಮ್ಮ. ಎದುರು ಮನೆಯ ಅಕ್ಕನನ್ನು, ಕೆಳಗಿನ ಇಬ್ಬರನ್ನು ಮಾತಾಡಿಸಿದಳು. ಎದುರು ಮನೆಯವರೂ ವರ್ಷಗಳಿಂದ ನೂಲಿನಂಥ ನೀರಿನಲ್ಲೇ ಸಂಸಾರ ಮಾಡಿದವರು. ಕೆಳಗಿನ ಮನೆಯ ಗೀಸರಿಗೂ ಅರ್ಥಿಂಗಿಲ್ಲ ಎಂದು ಬಲ್ಬ್ ತೋರಿಸಿಕೊಟ್ಟಿತು. ನಾಲ್ವರೂ ಒಟ್ಟಿಗೆ ಹೋಗಿ ಕೇಳಿದ ಮೇಲೆ ಮಾಲೀಕರು ಅರ್ಧ ಖರ್ಚು ಹಾಕಿದರು, ಉಳಿದದ್ದನ್ನು ನಾಲ್ಕು ಮನೆಗೆ ಹಂಚಿಕೊಂಡೆವು. ಟ್ಯಾಂಕಿಗೆ 5 ಅಡಿಯ ಕಬ್ಬಿಣದ ಸ್ಟ್ಯಾಂಡ್, ಹೊಸ ಪೈಪು, ಹಿತ್ತಿಲಲ್ಲಿ ಇದ್ದಿಲು ಉಪ್ಪು ತುಂಬಿದ ಅರ್ಥಿಂಗ್ ಗುಂಡಿ. ಬೇಸಿಗೆಯಲ್ಲಿ ಅದಕ್ಕೆ ಆಗಾಗ ನೀರು ಹೊಯ್ಯಬೇಕು. ನಿಮ್ಮ ಮನೆಯಲ್ಲಿ ಮಷಿನ್ನೇ ಇಲ್ಲದಿದ್ದರೂ ಸರಿ, ಒಬ್ಬ ಎಲೆಕ್ಟ್ರಿಷಿಯನ್ನನ್ನು ಕರೆಸಿ ಆ ದೊಡ್ಡ ತೂತನ್ನು ಒಮ್ಮೆ ನೋಡಿಸಿ.

ಮೊದಲ ಸಲ ಬಟ್ಟೆ ತಿರುಗಿದ ದಿನ ಅಮ್ಮ ಮಣೆ ಹಾಕಿಕೊಂಡು ಮಷಿನ್ನಿನ ಗಾಜಿನ ಮುಂದೆ ಕೂತಳು. ಹಿಂಡುವ ಶಬ್ದ ಏರಿದಾಗ ತನ್ನ ಮಣಿಕಟ್ಟನ್ನು ಎಡಗೈಯಲ್ಲಿ ನೀವಿಕೊಂಡು ಕೇಳಿದಳು. "ಆ ಅರಳಗೋಡು ಕಾಯಿಲೆ ವರ್ಷ ಇದು ಇದ್ದಿದ್ರೆ ಆಗ್ತಿತ್ತು, ಅಲ್ದನಾ?"

2019ರ ಶುರುವಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಮಂಗನ ಕಾಯಿಲೆ ಜೋರಾಗಿ ಜನ ಸಾಯುತ್ತಿದ್ದರು. ನಾನು ಆ ಕಡೆ ಓಡಾಡುತ್ತಿದ್ದೆ. ಕಾಯಿಲೆ ಹರಡುವುದು ಉಣುಗಿನಿಂದ. "ಕಾಡಿಗೆ ಹೋಗಿ ಬಂದವರು ಬಟ್ಟೆಯನ್ನು ಬಿಸಿನೀರಿನಲ್ಲಿ ಸೋಪು ಹಾಕಿ ತೊಳೆಯಬೇಕು" ಎಂದು ಎಷ್ಟು ಸಲ ಬರೆದೆನೋ. ಆಗೆಲ್ಲ ನನ್ನ ಪ್ಯಾಂಟು ಅಂಗಿಗಳನ್ನು ಬಚ್ಚಲಿನ ಹಂಡೆಯ ಕುದಿನೀರಲ್ಲಿ ಅದ್ದಿ, ಕುಕ್ಕಿ, ಹಿಂಡುತ್ತಿದ್ದವಳು ಇವಳು. "ತೊಳೆಯಬೇಕು" ಎಂದು ಬರೆದ ನನಗೆ, ಯಾರು ತೊಳೆಯಬೇಕು ಎಂಬುದು ಹೊಳೆಯಲೇ ಇಲ್ಲ. ಡಿಪ್ಲೊಮಾದಲ್ಲಿ ಯಾರು, ಏನು, ಎಲ್ಲಿ, ಯಾವಾಗ ಎಂದು ಕಲಿಸಿದ್ದರು. ಮೊದಲನೆಯದನ್ನೇ ಬಿಟ್ಟಿದ್ದೆ.

ಈಗ ಬಟ್ಟೆಯ ಕೆಲಸ ನನ್ನದು. ಆರಿದ್ರೆ ಮಳೆಯಲ್ಲಿ ಮಷಿನ್ ಎಷ್ಟು ಹಿಂಡಿದರೂ ಬಟ್ಟೆ ಒಣಗಲಿಲ್ಲ. ಊರಲ್ಲಾದರೆ ಬಚ್ಚಲೊಲೆಯ ಮೇಲೆ ಹರವುತ್ತಿದ್ದೆವು, ಇಲ್ಲಿ ಹಾಲಿಗೆ ಅಡ್ಡ ಹಗ್ಗ ಕಟ್ಟಿ ಫ್ಯಾನ್ ಹಾಕಿ ಎರಡು ದಿನ ಕಾಯುತ್ತೇನೆ. ಅಮ್ಮ ತಲೆ ಬಗ್ಗಿಸಿ ಅಂಗಿಗಳ ಕೆಳಗೆ ಓಡಾಡುತ್ತಾಳೆ, ಗೊಣಗುವುದಿಲ್ಲ. ಕೈ ಊತ ಇಳಿದಿದೆ.

ಆ ನಾಲ್ಕು ಬೋಲ್ಟುಗಳನ್ನು ಅವಳು ಎಲೆಯಡಿಕೆ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ. ಮನೆ ಬದಲಿಸುವಾಗ ಮತ್ತೆ ಹಾಕಬೇಕು ಎಂದು ಜೋಡಿಸಿದ ಹುಡುಗ ಹೇಳಿಹೋಗಿದ್ದ. ಕಳೆದುಹೋದಾವು, ಕಪಾಟಿನಲ್ಲಿಡು ಅಂದೆ.

"ಮುಳುಗಡೇಲಿ ಕಲ್ಲೇ ಬಿಟ್ಟು ಬಂದವರಲ್ಲ ನಾವು" ಅಂದಳು ಅಮ್ಮ. "ಬೋಲ್ಟ್ ಕಳೀತೀವನಾ?"