ಗರಗಸದ ಬೇಲಿ

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂದು ನಮ್ಮ ಹಿರಿಯರು ಕೇಳಿದ್ದಾರೆ. ಅವರು ರಾಜ್ಯಭಾರವನ್ನೋ ಮನೆವಾರ್ತೆಯನ್ನೋ ಮನಸ್ಸಿನಲ್ಲಿಟ್ಟುಕೊಂಡು ಹಾಗೆಂದಿರಬೇಕು. ಆದರೆ ಆ ಮಾತನ್ನು ಅಕ್ಷರಶಃ ನಿಜಮಾಡಿ ತೋರಿಸಬಲ್ಲ ಬೇಲಿಯೊಂದು ಬಡಗಿಯ ಯಂತ್ರದಲ್ಲಿ ಉಂಟೆಂಬುದು ನನಗೆ ತಿಳಿದದ್ದು ಎಪ್ಪತ್ತು ದಾಟಿದ ಮೇಲೆ. ಅದೂ ಅಮೆರಿಕದ ಓಹಿಯೋ ರಾಜ್ಯದಲ್ಲಿರುವ ಮಗಳ ಮನೆಯ ಗ್ಯಾರೇಜಿನಲ್ಲಿ.

ಮಗಳ ಬಾಣಂತನಕ್ಕೆಂದು ನನ್ನಾಕೆ ಹೊರಟಳು. ಪೆಟ್ಟಿಗೆ ಹೊರುವುದಕ್ಕೆಂದು ನಾನೂ ಹೊರಟೆ. ಆ ದೇಶದಲ್ಲಿ ಕೈಕೆಲಸದವರ ಕೂಲಿ ದುಬಾರಿ. ಆದ್ದರಿಂದ ವಾರವೆಲ್ಲ ಕಂಪ್ಯೂಟರಿನ ಮುಂದೆ ಕುಳಿತ ಗೃಹಸ್ಥರು ಶನಿವಾರ ಬಂತೆಂದರೆ ಬಡಗಿಗಳಾಗುತ್ತಾರೆ. ನಮ್ಮ ಅಳಿಯಂದಿರೂ ಯಾರೋ ಬಳಸಿ ಬಿಟ್ಟ ಮೇಜುಗರಗಸವೊಂದನ್ನು ಅಗ್ಗಕ್ಕೆ ಕೊಂಡು ತಂದಿದ್ದರು. ಹುಟ್ಟಲಿರುವ ಮಗುವಿಗೆ ತಮ್ಮ ಕೈಯಾರೆ ತೊಟ್ಟಿಲು ಮಾಡಬೇಕೆಂಬುದು ಅವರ ಹಂಬಲ.

ಈ ಯಂತ್ರವನ್ನು ಕಾಣದವರಿಗೆ ಎರಡು ಮಾತು. ಎರಕದ ಕಬ್ಬಿಣದ ಮೇಜು. ಅದರ ನಡುವಿನ ಸೀಳಿನಿಂದ ಅರೆಚಂದ್ರನಂತೆ ತಲೆಯೆತ್ತಿ ನಿಂತ 10 ಅಂಗುಲದ ಚಕ್ರ. ಅದು ನಿಮಿಷಕ್ಕೆ ಸುಮಾರು 4000 ಸುತ್ತು ತಿರುಗುತ್ತದೆ. ಅಂದರೆ ಹಲ್ಲಿನ ತುದಿಯ ವೇಗ ಗಂಟೆಗೆ 190 ಕಿಲೋಮೀಟರು! ಇದಕ್ಕೆ ಮರವೂ ಒಂದೇ, ಬೆರಳೂ ಒಂದೇ. ಚಕ್ರದ ಪಕ್ಕದಲ್ಲಿ, ಮೇಜಿನ ಈ ಅಂಚಿನಿಂದ ಆ ಅಂಚಿನವರೆಗೆ ಒಂದು ಲೋಹದ ಪಟ್ಟಿ. ಅದೇ ಬೇಲಿ, ಅವರ ಭಾಷೆಯಲ್ಲಿ ರಿಪ್ ಫೆನ್ಸ್. ಹಲಗೆಯನ್ನು ಅದಕ್ಕೆ ಒತ್ತಿ ಹಿಡಿದು ಮುಂದಕ್ಕೆ ತಳ್ಳಿದರೆ, ಚಕ್ರಕ್ಕೂ ಬೇಲಿಗೂ ನಡುವೆ ಎಷ್ಟು ಅಂತರವೋ ಅಷ್ಟೇ ಅಗಲದ ಪಟ್ಟಿ ಉದ್ದಕ್ಕೆ ಸೀಳಿ ಬರುತ್ತದೆ. ನಮ್ಮ ಕಡೆಯ ಆಚಾರಿಗಳು ಕೈಗರಗಸದ ಯಂತ್ರವನ್ನೇ ಮೇಜಿನಡಿ ತಲೆಕೆಳಗಾಗಿ ಬಿಗಿದು, ಪಕ್ಕಕ್ಕೊಂದು ನೇರವಾದ ರೀಪನ್ನು ಮೊಳೆ ಹೊಡೆದು ನಿಲ್ಲಿಸಿಕೊಳ್ಳುತ್ತಾರಲ್ಲ, ಅದೂ ಈ ಬೇಲಿಯ ಬಡ ತಮ್ಮನೇ.

ಅಳಿಯಂದಿರ ಯಂತ್ರದ ಬೇಲಿ ಮೇಜಿನ ಮುಂದೆಯೂ ಹಿಂದೆಯೂ ಕಚ್ಚಿಕೊಳ್ಳುವ ಹಳೆಯ ಬಗೆಯದು. ಎರಡು ಕಡೆ ಹಿಡಿದರೆ ಭದ್ರ ಎಂದು ನೀವೂ ನಾನೂ ಅಂದುಕೊಳ್ಳುತ್ತೇವೆ. ಆದರೆ ಮುಂದಿನ ಹಿಡಿ ಒಂದು ಹೇಳಿದರೆ ಹಿಂದಿನದು ಇನ್ನೊಂದು ಹೇಳುತ್ತಿತ್ತು. ಪ್ರತಿ ಸಲವೂ ಅಳತೆಪಟ್ಟಿ ಹಿಡಿದು ಎರಡು ತುದಿಯನ್ನೂ ಅಳೆಯಬೇಕು, ಕೊಡತಿಯಿಂದ ತಟ್ಟಬೇಕು, ಮತ್ತೆ ಅಳೆಯಬೇಕು. ಹಿಂದಿನ ತುದಿ ಚಕ್ರದ ಕಡೆಗೆ ಕೂದಲೆಳೆಯಷ್ಟು ವಾಲಿತೋ, ಹಲಗೆ ನಡುವೆ ಸಿಕ್ಕಿಕೊಳ್ಳುತ್ತದೆ. ಚಕ್ರದ ಮುಂಭಾಗದ ಹಲ್ಲುಗಳು ಮರವನ್ನು ಕೆಳಕ್ಕೆ ಒತ್ತುತ್ತವೆ. ಹಿಂಭಾಗದವು ಮೇಲೇಳುತ್ತಾ ಬರುತ್ತವೆ. ಸಿಕ್ಕಿಕೊಂಡ ಹಲಗೆಯನ್ನು ಆ ಹಿಂದಿನ ಹಲ್ಲುಗಳು ಎತ್ತಿ, ತಳ್ಳುವವನ ಮೇಲೆಯೇ ಬೀಸಿ ಎಸೆಯುತ್ತವೆ. ಕತ್ತೆ ಒದೆಯುವುದನ್ನು ಕಂಡಿದ್ದೆ. ಹಲಗೆ ಒದೆಯುವುದನ್ನು ಕೇಳಿದ್ದು ಅಲ್ಲಿಯೇ.

ನಾವು ಹೋಗುವ ಮೊದಲೇ ಅಂಥದೊಂದು ಒದೆತ ಆಗಿಹೋಗಿತ್ತು. ಗ್ಯಾರೇಜಿನ ಗೋಡೆಯಲ್ಲಿ ಅಂಗೈಯಗಲದ ತೂತು, ಸರಿಯಾಗಿ ಅಳಿಯಂದಿರ ಹೊಟ್ಟೆಯ ಎತ್ತರಕ್ಕೆ. ಅಂದು ಅವರು ಒಂದು ಗೇಣು ಪಕ್ಕಕ್ಕೆ ನಿಂತಿದ್ದರಂತೆ. ಮಗಳು ನನ್ನನ್ನು ಕರೆದುಕೊಂಡು ಹೋಗಿ ಆ ತೂತನ್ನು ತೋರಿಸಿ, “ಅಪ್ಪ, ಒಂದೋ ಇದು ನೆಟ್ಟಗಾಗಬೇಕು, ಇಲ್ಲ ಮನೆ ಬಿಟ್ಟು ಹೋಗಬೇಕು. ನೀನೇ ಹೇಳು,” ಎಂದಳು. ತುಂಬಿದ ಬಸುರಿಯ ಮಾತು. ಅದಕ್ಕೆ ಮೇಲ್ಮನವಿ ಇಲ್ಲ.

ಅಳಿಯಂದಿರು ಹೊಸ ಬೇಲಿ ತರಿಸಿದರು. 1980ರ ಸುಮಾರಿನಲ್ಲಿ ಅರಿಜೋನಾದ ಬಿಲ್ ಬೀಸ್‌ಮೇಯರ್ ಎಂಬಾತ ಬಳಕೆಗೆ ತಂದ ಮಾದರಿ ಅದು. ಇಂಗ್ಲಿಷಿನ ಟೀ ಅಕ್ಷರದಂತೆ ಅಡ್ಡತಲೆ, ಅದಕ್ಕೆ ಬೆಸೆದ ಉದ್ದನೆಯ ಉಕ್ಕಿನ ತೊಲೆ. ಮೇಜಿನ ಮುಂದೆ ಬಿಗಿದ ದಪ್ಪ ಕೊಳವೆಯನ್ನು ಆ ಅಡ್ಡತಲೆ ಅಗಲವಾಗಿ ತಬ್ಬಿಕೊಳ್ಳುತ್ತದೆ. ಹಿಂದೆ ಯಾವ ಹಿಡಿತವೂ ಇಲ್ಲ. ಯಂತ್ರಕ್ಕಿಂತ ಬೇಲಿಗೇ ಹೆಚ್ಚು ಹಣ ಬಿತ್ತೆಂದು ತಿಳಿದು ನನ್ನಾಕೆ, “ಮೂಗಿಗಿಂತ ಮೂಗುತಿ ಭಾರವಾಯಿತಲ್ಲ!” ಎಂದಳು. ಮಗಳು ಮಾತ್ರ ಬೆಲೆ ಕೇಳಲಿಲ್ಲ.

ಜೋಡಿಸುವುದಕ್ಕೆ ಎರಡು ದಿನ ಹಿಡಿಯಿತು. ದೀಪ ಹಿಡಿಯುವುದು, ತಿರುಪು ಎಣಿಸಿಕೊಡುವುದು ನನ್ನ ಪಾಲಿನ ಉದ್ಯೋಗ. ಹಳೆಯ ಕಂಬಿಗಳನ್ನು ಬಿಚ್ಚಿ, ಹೊಸದಕ್ಕೆ ತೂತು ಕೊರೆದು ಬಿಗಿದರು. ಮೇಜಿನ ಮೇಲಿರುವ ಉದ್ದ ಗಾಡಿಗೆ ಮೊದಲು ಚಕ್ರವನ್ನು ಸಮಾನಾಂತರವಾಗಿ ನಿಲ್ಲಿಸಿದರು. ಆಮೇಲೆ ಅದೇ ಗಾಡಿಗೆ ಬೇಲಿಯನ್ನು ಹೊಂದಿಸಿದರು. ಹಿಂದಿನ ತುದಿ ಚಕ್ರದಿಂದ ಒಂದು ಕಾಗದದ ದಪ್ಪದಷ್ಟು ದೂರ ಸರಿದರೆ ಚಿಂತೆಯಿಲ್ಲ, ಹತ್ತಿರ ಮಾತ್ರ ಬರಕೂಡದಂತೆ. ಮೂವತ್ತೈದು ವರ್ಷ ಲೆಕ್ಕಪತ್ರದ ಇಲಾಖೆಯಲ್ಲಿ ಕಾಗದ ಮಗುಚಿದ ನನಗೆ, ಒಂದು ಕಾಗದದ ದಪ್ಪಕ್ಕೆ ಇಷ್ಟು ಬೆಲೆಯುಂಟೆಂದು ತಿಳಿದಿರಲಿಲ್ಲ.

ಬಿಗಿದು ಮುಗಿದ ಮೇಲೆ ಮೂರು ಅಡಿಯ ಹಲಗೆಯೊಂದನ್ನು ಸೀಳಿದರು. ಎರಡು ತುದಿಯನ್ನೂ ನಾನೇ ಅಳೆದೆ. ಇಲ್ಲಿ ಎಷ್ಟೋ ಅಲ್ಲಿಯೂ ಅಷ್ಟೆ. ಕೊಡತಿಗೆ ಕೆಲಸವಿಲ್ಲದಾಯಿತು.

ನನಗೆ ಸೋಜಿಗವೆನಿಸಿದ್ದು ಇದು: ಎರಡು ಕಡೆ ಹಿಡಿದ ಬೇಲಿ ಸೊಟ್ಟಗಾಗುತ್ತಿತ್ತು, ಒಂದೇ ಕಡೆ ಗಟ್ಟಿಯಾಗಿ ಹಿಡಿದದ್ದು ನೆಟ್ಟಗೆ ನಿಂತಿತು. ತಾಯಿ ಒಂದು ತುದಿ, ತಂದೆ ಒಂದು ತುದಿ ಹಿಡಿದು ಮಕ್ಕಳನ್ನು ನೇರಮಾಡಲು ಹೊರಟ ಮನೆಗಳನ್ನು ನಾನು ಕಂಡಿದ್ದೇನೆ. ಇಬ್ಬರೂ ಬಿಗಿಯಾಗಿಯೇ ಹಿಡಿದಿರುತ್ತಾರೆ, ಪಾಪ. ನಡುವೆ ಸಿಕ್ಕಿಕೊಂಡದ್ದು ಯಾವಾಗ ಒದೆಯುತ್ತದೆಂದು ಮಾತ್ರ ಹೇಳಬರುವುದಿಲ್ಲ.

ಇನ್ನು ಭಯವಿಲ್ಲವಲ್ಲ ಎಂದು ನಾನು ಕೇಳಿದ್ದಕ್ಕೆ ಅಳಿಯಂದಿರು ತಲೆಯಲ್ಲಾಡಿಸಿದರು. “ಹಾಗನ್ನಬೇಡಿ ಮಾವ. ಬೇಲಿ ದಾರಿ ತೋರಿಸುತ್ತೆ, ಬೆರಳು ಕಾಯೋದಿಲ್ಲ,” ಎಂದು, ಚಕ್ರದ ಹಿಂದೆ ಸೀಳು ಮುಚ್ಚದಂತೆ ತಡೆಯುವ ಉಕ್ಕಿನ ತಗಡನ್ನು ಹಾಕಿ, ಮೇಲೆ ಮರೆ ಇಳಿಸಿ, ಹಲಗೆಯನ್ನು ಕೈಯಿಂದ ತಳ್ಳದೆ ಕೋಲಿನಿಂದ ತಳ್ಳಿದರು. ನಿಂತದ್ದು ಪಕ್ಕಕ್ಕೆ.

ತೊಟ್ಟಿಲು ಮುಗಿದ ಒಂಬತ್ತನೆಯ ದಿನ ಅದಕ್ಕೆ ಒಡತಿ ಬಂದಳು. ಗೋಡೆಯ ತೂತನ್ನು ಮುಚ್ಚಲು ಮಗಳು ಇನ್ನೂ ಬಿಟ್ಟಿಲ್ಲ. ಹಳೆಯ ಬೇಲಿಯನ್ನು ನನ್ನಾಕೆ ಹಿತ್ತಲಿಗೆ ಒಯ್ದು ಟೊಮೇಟೊ ಗಿಡಕ್ಕೆ ಊರೆಗೋಲಾಗಿ ನೆಟ್ಟಳು. ಅಲ್ಲಿಯೂ ಅದು ಕೊಂಚ ವಾಲಿಯೇ ನಿಂತಿದೆ. ಗಿಡ ಅದರ ಜೊತೆಗೆ ತಾನೂ ವಾಲಿಕೊಂಡು ಕಾಯಿ ಬಿಡುತ್ತಿದೆ.